ಎಂಟನೆಯ ಹೆಸರು

ಸ್ಲೇಟಿನ ಮೇಲೆ ಎಂಟನೆಯ ಹೆಸರು ನನ್ನದು.
ಬರೆದದ್ದು ನಾನಲ್ಲ, ಸಿಗರ್ಡ್.
ಅಳಿಸೋಣವೆಂದರೆ ಒದ್ದೆ ಬಟ್ಟೆಯೂ ಅವನ ಕೈಲೇ ಇತ್ತು.
'ಇಂಗಾ' ಎಂದು ಸೀಮೆಸುಣ್ಣದಲ್ಲಿ, ಗೇಣುದ್ದ.
ಬಾಗಿಲು ತೆರೆದಾಗಲೆಲ್ಲ ಸ್ಟ್ರಾಮ್‌ನೆಸ್ ಬಂದರಿನ ಗಾಳಿ
ಒಳಬಂದು ಅದನ್ನೇ ಓದಿಕೊಂಡು ಹೋಗುತ್ತದೆ.

ಹಗಲೆಲ್ಲ ಏಡಿ ಒಡೆಯುವ ಕೈ ಇದು.
ಉಪ್ಪು ಕುಡಿದು ಸೀಳಿದ ಬೆರಳಿಗೆ
ಉಕ್ಕಿನ ತಂತಿಯೇನು ಹೊಸ ನೋವಲ್ಲ.
ಹೆದರಿರುವುದು ನಾಲಿಗೆ.
ಸಂಜೆಯಿಂದ ಅದು ನನ್ನ ಬಾಯೊಳಗೆ
ಬಾಡಿಗೆ ಬಾಕಿಯಿರುವವರ ಹಾಗೆ ಕೂತಿದೆ.

ಮೂರು ವಾರ ಹಾಡು ಆರಿಸಿದೆ,
ಏಡಿ ಮಾಂಸದಲ್ಲಿ ಚಿಪ್ಪಿನ ಚೂರು ಆರಿಸುವಂತೆ.
ಒಂದಕ್ಕೆ ಎಫ್ ಬೇಕು. ತೋರುಬೆರಳು
ಆರೂ ತಂತಿಯ ಮೇಲೆ ಅಡ್ಡ ಮಲಗಬೇಕು.
ನನ್ನದು, ಗೋಡೆಗೊರಗಿದ ಕುಡುಕ,
ಅರ್ಧಕ್ಕೇ ಜಾರುತ್ತದೆ.
ಇನ್ನೊಂದು ಪ್ರೇಮದ್ದು. ಹಾಡಬಹುದಿತ್ತು,
ನನ್ನನ್ನು ಬಿಟ್ಟವನೂ ಮಂಗಳವಾರವೇ ಇಲ್ಲಿಗೆ ಬರದಿದ್ದರೆ.
ಅವನ ಹೊಸ ಹೆಂಡತಿ ಒಳ್ಳೆಯವಳು,
ಮನಸಾರೆ ಚಪ್ಪಾಳೆ ತಟ್ಟಿಬಿಡುತ್ತಾಳೆ.
ಅದನ್ನು ತಡೆದುಕೊಳ್ಳಲಾರೆ.
ಮತ್ತೊಂದು ಓಟದ ಹಾಡು. ಗಡಿಬಿಡಿಯಲ್ಲಿ
ಕೊನೆಯ ಸಾಲು ನನಗಿಂತ ಮೊದಲೇ ಮನೆ ಸೇರುತ್ತದೆ.

ಉಳಿದದ್ದು ಒಂದೇ. ಬರೀ ಮೂರು ಕಾರ್ಡ್,
ನಿದ್ದೆಯಲ್ಲೂ ಬೆರಳು ತಾನೇ ಹುಡುಕಿಕೊಳ್ಳುವಂಥದ್ದು.
ಬಿಳಿ ದೋಣಿಯೊಂದು ಹೋಗುತ್ತದೆ,
ಬರುವುದಿಲ್ಲ. ಅಷ್ಟೇ ಕತೆ.
ಅದನ್ನಿಲ್ಲಿ ಯಾರೂ ಹಾಡುವುದಿಲ್ಲ,
ತೊಮಸಿನಾ ಕಿಟಕಿ ಪಕ್ಕ ಕೂತಿರುವಾಗ.
ಪ್ರತಿ ಮಂಗಳವಾರ ಕೂತಿರುತ್ತಾಳೆ.
ಒಂಬತ್ತು ವರ್ಷದಿಂದ.

ಐದನೆಯವನು ಹಾಡಿದ. ನಾನು ಶ್ರುತಿ ಮಾಡಿದೆ.
ಆರನೆಯವಳು ಹಾಡಿದಳು. ಮಾಡಿದ ಶ್ರುತಿಯನ್ನೇ ಮತ್ತೆ ಮಾಡಿದೆ.
'ನೀರಿಗಿಳಿದ ಮೇಲೆ ಚಳಿಯೇನು' ಎಂದವರು ಯಾರೋ,
ಖಂಡಿತ ನಮ್ಮ ಕಡಲಿಗಿಳಿದವರಲ್ಲ.

ಕೈ ತೊಳೆಯುವಲ್ಲಿ ತೊಮಸಿನಾ ಸಿಕ್ಕಳು.
"ಯಾವುದು ಹಾಡ್ತೀಯೆ?"
ಓಟದ್ದು, ಎಂದೆ.
ನನ್ನ ಎಡಗೈ ತೆಗೆದುಕೊಂಡು ಬೆರಳ ತುದಿ ಒತ್ತಿ ನೋಡಿದಳು,
ಮೀನು ಹಳತೋ ಹೊಸತೋ ಎಂದು ನೋಡುವ ಹಾಗೆ.
"ದೋಣಿಯದ್ದು ಹಾಡು.
ಮಗುವಿರುವ ಮನೆಯಲ್ಲಿ ಚಾಕು ಎತ್ತಿಡ್ತಾರಲ್ಲ,
ಹಾಗೆ ಎಲ್ಲಾ ಸೇರಿ ಅದನ್ನ ಎತ್ತಿಟ್ಟಿದ್ದೀರಿ.
ನಾನು ಮಗುವಲ್ಲ.
ನನಗೆ ಬ್ರೆಡ್ಡು ಕೊಯ್ಯಬೇಕು."

ಏಳನೆಯ ಹುಡುಗ ಉದ್ದ. ಅವನ ಮೈಕು ನನಗೆ ಇಳಿಯಲಿಲ್ಲ.
ಗೂಡಿನ ಮರಿಯಂತೆ ಕತ್ತೆತ್ತಿಯೇ ಶುರುಮಾಡಿದೆ.
ಮೊದಲ ಸಾಲಿಗೇ ತಿಳಿಯಿತು ಎಲ್ಲರಿಗೂ, ಯಾವ ಹಾಡೆಂದು.
ಗ್ಲಾಸು ತೊಳೆಯುವ ಯಂತ್ರವನ್ನು ಸಿಗರ್ಡ್ ನಿಲ್ಲಿಸಿದ.
ಕಿಟಕಿಯ ಕಡೆಯೊಂದು ಬಿಟ್ಟು
ಎಲ್ಲ ಕಡೆ ನೋಡಿದರು ಜನ:
ತಮ್ಮ ಬೂಟು, ಬೀರಿನ ನೊರೆ, ಬೆಂಕಿ.
ನಾನು ಅಲ್ಲೇ ನೋಡಿದೆ. ಬೇರೆಲ್ಲಿ ನೋಡಲಿ?
ಅವಳು ಬೆರಳಲ್ಲಿ ಮೇಜು ತಟ್ಟುತ್ತಿದ್ದಳು,
ನನಗಿಂತ ಒಂದಿಷ್ಟು ನಿಧಾನ. ನಾನೇ ನಿಧಾನವಾದೆ.
ಮೂರನೆಯ ಚರಣದಲ್ಲಿ ಒಂದು ಸಾಲು ಮರೆತು
ಬರೀ ಗುನುಗಿ ದಾಟಿದೆ.

ಧೈರ್ಯ ಎಲ್ಲಿಂದ ಬಂತು, ಎಂದು ಸಿಗರ್ಡ್ ಕೇಳುತ್ತಾನೆ.
ಬಂದಿಲ್ಲ ಮಾರಾಯ.
ಅದಿಲ್ಲದೇ ಹಾಡಿದೆ.

ಚಪ್ಪಾಳೆ ಎಷ್ಟಾಯಿತೋ ನೆನಪಿಲ್ಲ.
ಒಂಬತ್ತನೆಯವನು ಆಗಲೇ ಚಮಚ ಬಾರಿಸುತ್ತಿದ್ದ.
ತೊಮಸಿನಾ ಕೋಟು ತೊಡುತ್ತಾ ನನ್ನ ಬಳಿ ಬಗ್ಗಿ,
"ದೋಣಿ ಬಿಳಿಯಲ್ಲ ಕಣೆ, ಹಸಿರು.
ಮುಂದಿನ ವಾರ ಸರಿಮಾಡು" ಎಂದು ಹೋದಳು.

ಬಿಳಿಗಿಂತ ಹಸಿರಿಗೆ ಒಂದು ಮಾತ್ರೆ ಹೆಚ್ಚು.
ತಾಳದಲ್ಲಿ ಅದನ್ನೆಲ್ಲಿ ಕೂರಿಸಲಿ ಎಂದು
ಬೆಳಗಿನಿಂದ ಏಡಿ ಒಡೆಯುತ್ತಾ
ಎಣಿಸುತ್ತಿದ್ದೇನೆ.